ಚೇಂಬರ್ ಒಳಗಿನ ಗಾಳಿ, ಬೆಂಗಳೂರಿನ ಎತ್ತರ: ಗ್ಯಾಸ್ ಡಿಟೆಕ್ಟರ್‌ಗಳನ್ನ ಟೆಸ್ಟ್ ಮಾಡೋದರ ಬಗ್ಗೆ

(ವಿಜ್ಞಾನದಲ್ಲಿ ಆಸಕ್ತಿ ಇರೋರ ಒಂದು ಕೂಟದಲ್ಲಿ ಮಾತಾಡಿದ್ದು ಇದು. ಕೇಳಿದೋರಲ್ಲಿ ಕೆಲವರು ಬರೆದು ಕೊಡಿ ಅಂದ್ರು. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಬೋರ್ಡ್ ಮೇಲೆ ಹಾಕಿದ ಲೆಕ್ಕಗಳನ್ನ ಮಾತ್ರ ಸ್ವಲ್ಪ ಬಿಡಿಸಿ ಬರೆದಿದೀನಿ.)

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡ್ತಾರೆ ಅನ್ನೋದು ನಿಮಗೆಲ್ಲ ಗೊತ್ತಿರೋದೇ, ಇಲ್ಲಿ ಕೂತಿರೋರ ಮನೆಗಳಲ್ಲೂ ತಗೊಂಡೋರು ಇರಬಹುದು. ಡಾಕ್ಟರು ದಿನಕ್ಕೆ 2 ಗ್ರೇ, ಇಷ್ಟು ದಿನ ಅಂತ ಬರೀತಾರೆ. ಗ್ರೇ ಅಂದ್ರೆ ಒಂದು ಕೆಜಿ ವಸ್ತುವಿಗೆ ಒಂದು ಜೂಲ್ ಶಕ್ತಿ ಸೇರೋದು, ಅಷ್ಟೇ. ಆದ್ರೆ ಆ ಮಷೀನ್ ನಿಜವಾಗಲೂ 2 ಗ್ರೇನೇ ಕೊಡ್ತಿದೆ, 1.8 ಅಲ್ಲ, 2.2 ಅಲ್ಲ ಅಂತ ಹೇಳೋದು ಯಾರು? ಹೇಳೋದು ಒಂದು ಮಿಲಿಲೀಟರ್ ಕೂಡ ಇಲ್ಲದಷ್ಟು ಗಾಳಿ. ಬೆರಳಿಗಿಂತ ತೆಳ್ಳಗಿರೋ ಒಂದು ಕೊಳವೆ, ಅದರೊಳಗೆ 0.6 ಸಿಸಿ ಗಾಳಿ, ಮಧ್ಯ ಒಂದು ಅಲ್ಯೂಮಿನಿಯಂ ಕಡ್ಡಿ, ಸುತ್ತ ಗ್ರಾಫೈಟ್ ಗೋಡೆ. 1955ರಲ್ಲಿ ಇಂಗ್ಲೆಂಡಿನ ಫಾರ್ಮರ್ ಅನ್ನೋರು ಮಾಡಿದ ವಿನ್ಯಾಸದಿಂದ ಬಂದದ್ದು, ಇವತ್ತಿಗೂ ಅದನ್ನ ಫಾರ್ಮರ್ ಚೇಂಬರ್ ಅಂತಾನೇ ಕರೀತಾರೆ, ಇವತ್ತಿಗೂ ಜಗತ್ತಿನ ಬಹುಪಾಲು ರೇಡಿಯೋಥೆರಪಿ ಡಿಪಾರ್ಟ್‌ಮೆಂಟ್‌ಗಳು ನಂಬಿರೋದು ಅದನ್ನೇ.

ನಾನು ಇವತ್ತು ಹೇಳಬೇಕು ಅಂತಿರೋದು ಒಂದೇ ವಿಷಯ. ಆ ಗಾಳಿಯನ್ನ ಸುಮ್ಮನೆ ನಂಬೋ ಹಾಗಿಲ್ಲ, ಪ್ರತಿ ಸಲ ಅದನ್ನ ಪರೀಕ್ಷೆ ಮಾಡಲೇಬೇಕು, ಮತ್ತೆ ಆ ಪರೀಕ್ಷೆ ಆಸ್ಪತ್ರೆಯಲ್ಲಿ ಆಗಲಿ ಜಿನೀವಾದ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಆಗಲಿ ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳನ್ನ ಕೇಳತ್ತೆ.

ಮೊದಲು ಇಂಥ ಗ್ಯಾಸ್ ಡಿಟೆಕ್ಟರ್‌ಗಳು ಕೆಲಸ ಮಾಡೋ ರೀತಿ ನೋಡೋಣ. ಎರಡು ಎಲೆಕ್ಟ್ರೋಡು, ನಡುವೆ ಗ್ಯಾಸ್, ಅವುಗಳ ಮಧ್ಯೆ ವೋಲ್ಟೇಜ್. ರೇಡಿಯೇಷನ್ ಗ್ಯಾಸ್ ಒಳಗೆ ಹಾದು ಹೋಗುವಾಗ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನ ಕಿತ್ತು ಹಾಕತ್ತೆ, ಎಲೆಕ್ಟ್ರಾನ್ ಒಂದು ಕಡೆ ಓಡತ್ತೆ, ಉಳಿದ ಪಾಸಿಟಿವ್ ಅಯಾನ್ ಇನ್ನೊಂದು ಕಡೆ ಹೋಗತ್ತೆ, ಆ ಚಾರ್ಜನ್ನ ನಾವು ಅಳೀತೀವಿ. ಗಾಳಿಯಲ್ಲಿ ಇಂಥ ಒಂದು ಜೋಡಿ ಹುಟ್ಟಬೇಕಾದ್ರೆ ಸರಾಸರಿ 34 ಎಲೆಕ್ಟ್ರಾನ್ ವೋಲ್ಟ್ ಖರ್ಚಾಗತ್ತೆ. ಈ ಸಂಖ್ಯೆ ಗೊತ್ತಿರೋದ್ರಿಂದಲೇ ಚಾರ್ಜ್‌ನಿಂದ ಶಕ್ತಿಗೆ, ಶಕ್ತಿಯಿಂದ ಡೋಸ್‌ಗೆ ಬರೋಕೆ ಆಗೋದು. ಲೆಕ್ಕ ಹಾಕಿ ನೋಡಿ: 0.6 ಸಿಸಿ ಗಾಳಿಯ ತೂಕ ಸುಮಾರು 0.72 ಮಿಲಿಗ್ರಾಂ, ಅದಕ್ಕೆ 1 ಗ್ರೇ ಬಿದ್ರೆ ಹುಟ್ಟೋ ಚಾರ್ಜ್ ಸುಮಾರು 21 ನ್ಯಾನೋಕೂಲಂಬ್. ಅಷ್ಟು ಸಣ್ಣ ಚಾರ್ಜನ್ನ ಶೇಕಡಾ ಒಂದಕ್ಕಿಂತ ಕಮ್ಮಿ ತಪ್ಪಿನಲ್ಲಿ ಅಳೀಬೇಕು. ಕೇಬಲ್ ಮಡಚಿ ಹೋಗಿದ್ರೆ, ಕನೆಕ್ಟರ್‌ಗೆ ತೇವ ಹಿಡಿದಿದ್ರೆ ಅಲ್ಲೇ ಲೀಕೇಜ್ ಶುರು, ಬೀಮ್ (ಮಷೀನ್‌ನಿಂದ ಬರೋ ರೇಡಿಯೇಷನ್ ಕಿರಣ) ಇಲ್ಲದೇ ಇದ್ರೂ ಎಲೆಕ್ಟ್ರೋಮೀಟರ್, ಅಂದ್ರೆ ಚಾರ್ಜ್ ಅಳೆಯೋ ಮೀಟರ್, ಎಣಿಸ್ತಾ ಕೂರತ್ತೆ. ಅದಕ್ಕೇ ಯಾವ ಅಳತೆಗೂ ಮುಂಚೆ ಬೀಮ್ ಆಫ್ ಇಟ್ಟು ಕೆಲವು ನಿಮಿಷ ಮೀಟರ್ ನೋಡ್ತೀವಿ, ನೋಡೋರಿಗೆ ಬೋರ್ ಅನ್ಸತ್ತೆ, ಆದ್ರೆ ಬಿಡೋ ಹಾಗಿಲ್ಲ.

ಈಗ ಬೆಂಗಳೂರಿಗೆ ಬರೋಣ, ಯಾಕಂದ್ರೆ ಈ ಊರಿಗೆ ಈ ವಿಷಯದಲ್ಲಿ ಒಂದು ವಿಶೇಷ ಇದೆ.

ಫಾರ್ಮರ್ ಚೇಂಬರ್ ಮುಚ್ಚಿದ ಡಬ್ಬಿ ಅಲ್ಲ, ಅದಕ್ಕೆ ಹೊರಗಿನ ಗಾಳಿ ಬರೋಕೆ ಸಣ್ಣ ದಾರಿ ಇರತ್ತೆ. ಅಂದ್ರೆ ರೂಮಿನ ಗಾಳಿ ಹೇಗಿದೆಯೋ ಚೇಂಬರ್ ಒಳಗೂ ಹಾಗೇ. ಇಂಟರ್‌ನ್ಯಾಷನಲ್ ಅಟಾಮಿಕ್ ಎನರ್ಜಿ ಏಜೆನ್ಸಿಯ ಟಿಆರ್‌ಎಸ್ 398 ಅಂತ ಒಂದು ಪ್ರೋಟೋಕಾಲ್ ಇದೆ, 2000ದಲ್ಲಿ ಬಂತು, 2024ರಲ್ಲಿ ಹೊಸ ಆವೃತ್ತಿ ಬಂತು, ಅದರ ಪ್ರಕಾರ ಸ್ಟ್ಯಾಂಡರ್ಡ್ ಗಾಳಿ ಅಂದ್ರೆ 20 ಡಿಗ್ರಿ ಸೆಲ್ಸಿಯಸ್, 101.325 ಕಿಲೋಪ್ಯಾಸ್ಕಲ್. ಅದು ಹೆಚ್ಚುಕಮ್ಮಿ ಮಂಗಳೂರಿನ ಸಮುದ್ರ ದಂಡೆಯ ಒತ್ತಡ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು. ಅಂದ್ರೆ ಅದೇ 0.6 ಸಿಸಿಯಲ್ಲಿ ಅಣುಗಳೇ ಶೇಕಡಾ 10ರಷ್ಟು ಕಮ್ಮಿ. ಅಣು ಕಮ್ಮಿ ಅಂದ್ರೆ ಅಯಾನ್ ಕಮ್ಮಿ, ಬೀಮ್ ಅದೇ ಇದ್ರೂ ಮೀಟರ್ ಕಮ್ಮಿ ತೋರಿಸತ್ತೆ.

ಅದನ್ನ ಸರಿ ಮಾಡೋಕೆ ಕೆಟಿಪಿ ಅಂತ ಒಂದು ಗುಣಾಂಕ ಹಾಕ್ತೀವಿ. ಟೆಂಪರೇಚರ್ 24 ಡಿಗ್ರಿ, ಒತ್ತಡ 91 ಇದ್ರೆ ಆ ಗುಣಾಂಕ 1.13 ಹತ್ರ ಬರತ್ತೆ. ಮೀಟರ್ 11 ನ್ಯಾನೋಕೂಲಂಬ್ ತೋರಿಸಿದ್ರೆ ನಾವು ತಗೋಬೇಕಾದ್ದು 12.4. ಇದು ಸಣ್ಣಪುಟ್ಟ ತಿದ್ದುಪಡಿ ಅಲ್ಲ ನೋಡಿ. ರೇಡಿಯೋಥೆರಪಿಯಲ್ಲಿ ಒಟ್ಟು ಡೋಸ್‌ನ ತಪ್ಪು ಶೇಕಡಾ 5ರ ಒಳಗಿರಬೇಕು ಅನ್ನೋದು ಹಳೇ ಕಾಲದಿಂದ ಒಪ್ಪಿಕೊಂಡಿರೋ ಗುರಿ, ಒಬ್ಬರು ಈ ಒಂದು ಗುಣಾಂಕ ಮರೆತರೆ ಅದರ ಎರಡು ಪಟ್ಟಿಗಿಂತ ಜಾಸ್ತಿ ತಪ್ಪು ಒಂದೇ ಏಟಿಗೆ ಆಗೋಯ್ತು. ತಪ್ಪು ಯಾವ ದಿಕ್ಕಿಗೆ ಹೋಗತ್ತೆ ಅನ್ನೋದನ್ನೂ ಯೋಚನೆ ಮಾಡಿ: ಮೀಟರ್ ಕಮ್ಮಿ ತೋರಿಸ್ತು, ಮಷೀನ್ ಕಮ್ಮಿ ಕೊಡ್ತಿದೆ ಅಂದ್ಕೊಂಡು ಔಟ್‌ಪುಟ್ ಏರಿಸಿದ್ರು, ಪೇಷೆಂಟ್‌ಗೆ ಹೋಗೋದು ಓವರ್‌ಡೋಸ್.

ಇನ್ನೂ ಅಪಾಯ ಇರೋದು ಗುಣಾಂಕ ಹಾಕಿಯೂ ತಪ್ಪಾಗೋದರಲ್ಲಿ. ಈಗಲೇ ನಿಮ್ಮ ಫೋನ್ ತೆಗೆದು ವೆದರ್ ಆ್ಯಪ್‌ನಲ್ಲಿ ಬೆಂಗಳೂರಿನ ಪ್ರೆಷರ್ ನೋಡಿ. 1010, 1013, ಹೀಗೇನೋ ಹೆಕ್ಟೋಪ್ಯಾಸ್ಕಲ್ ಅಂತ ತೋರಿಸ್ತಿರತ್ತೆ. ಇಲ್ಲಿ ನಿಜವಾಗಿ ಇರೋದು 910 ಆಸುಪಾಸು! ಆ್ಯಪ್ ಸುಳ್ಳು ಹೇಳ್ತಿಲ್ಲ, ಹವಾಮಾನದವರು ಬೇರೆ ಬೇರೆ ಊರುಗಳನ್ನ ಹೋಲಿಸೋಕೆ ಎಲ್ಲ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಬದಲಾಯಿಸಿ ಕೊಡ್ತಾರೆ, ಅವರ ಕೆಲಸಕ್ಕೆ ಅದೇ ಸರಿ. ನಮ್ಮ ಕೆಲಸಕ್ಕೆ ಅದು ವಿಷ. ಎತ್ತರದ ಊರುಗಳಲ್ಲಿ ಹವಾಮಾನ ಕೇಂದ್ರದಿಂದ ಈ ಥರ ಒತ್ತಡ ತಗೊಂಡು ಲೆಕ್ಕ ಹಾಕಿದ್ದು ರೇಡಿಯೋಥೆರಪಿಯ ಅಪಘಾತಗಳ ಪಟ್ಟಿಯಲ್ಲಿ ಇದೆ. ಅದಕ್ಕೇ ರೂಮಿನಲ್ಲೇ ಒಂದು ಕ್ಯಾಲಿಬ್ರೇಟ್ ಆದ ಬ್ಯಾರೋಮೀಟರ್ ಇರಬೇಕು, ಅಳತೆ ಮಾಡೋ ಹೊತ್ತಿಗೇ ಅದನ್ನ ಓದಬೇಕು. ಬೆಳಿಗ್ಗೆ ಓದಿದ್ದನ್ನ ಮಧ್ಯಾಹ್ನಕ್ಕೆ ಹಾಕೋದೂ ಬೇಡ, ಯಾಕಂದ್ರೆ ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯತ್ತೆ, ಬೆಳಿಗ್ಗೆ 10ರ ಹೊತ್ತಿಗೆ ಮೇಲೆ, ಸಂಜೆ 4ಕ್ಕೆ ಕೆಳಗೆ, ನಡುವಿನ ವ್ಯತ್ಯಾಸ 3-4 ಹೆಕ್ಟೋಪ್ಯಾಸ್ಕಲ್. ಮಳೆ ಮೋಡ ಏನೂ ಇಲ್ಲದಿದ್ರೂ ಇದು ಇದ್ದೇ ಇರತ್ತೆ. ನನಗಂತೂ ಇದು ತುಂಬ ಚಂದ ಅನ್ಸತ್ತೆ, ಇಡೀ ಭೂಮಿಯ ವಾತಾವರಣದ ಏರಿಳಿತ ನಮ್ಮ ನೆಲಮಾಳಿಗೆಯ ಮೀಟರ್‌ನಲ್ಲಿ ಕಾಣತ್ತಲ್ಲ.

ಔಟ್‌ಪುಟ್ ನೋಡೋ ದಿನ ಹೇಗಿರತ್ತೆ ಅಂತ ಸ್ವಲ್ಪ ಹೇಳ್ತೀನಿ. ದೇಹದ ಬದಲಿಗೆ ಇಡೋ ಪ್ಲಾಸ್ಟಿಕ್ ಟ್ಯಾಂಕ್‌ಗೆ ನೀರು ಹಿಂದಿನ ದಿನವೇ ತುಂಬಿಸಿ ಇಟ್ರೆ ಒಳ್ಳೇದು, ನಲ್ಲಿಯಿಂದ ಆಗಷ್ಟೇ ಬಂದ ನೀರಿನ ಟೆಂಪರೇಚರ್ ರೂಮಿಗೆ ಹೊಂದಿರಲ್ಲ, ಒಂದು ಡಿಗ್ರಿ ತಪ್ಪಿದ್ರೆ ಶೇಕಡಾ 0.3ಕ್ಕಿಂತ ಜಾಸ್ತಿ ಹೋಯ್ತು. ಥರ್ಮಾಮೀಟರ್ ಇಡೋದು ನೀರಿನಲ್ಲಿ, ಗೋಡೆ ಮೇಲಲ್ಲ, ಚೇಂಬರ್ ಇರೋದು ನೀರಿನಲ್ಲಲ್ಲವಾ. ಚೇಂಬರ್ ಮಧ್ಯಭಾಗ ನೀರಿನ ಮೇಲ್ಮೈಯಿಂದ 10 ಸೆಂಟಿಮೀಟರ್ ಕೆಳಗೆ ಬರೋ ಹಾಗೆ ಕೂರಿಸಬೇಕು, ಬೀಮ್ 10 ಬೈ 10 ಸೆಂಟಿಮೀಟರ್. ಟ್ಯಾಂಕ್ ನೀರು ಆವಿಯಾಗಿ ಮಟ್ಟ ಇಳಿದಿದೆಯಾ ಅಂತ ಮಧ್ಯೆ ಮಧ್ಯೆ ನೋಡ್ತಾ ಇರಬೇಕು. ಮೊದಲು ಒಂದಷ್ಟು ಗ್ರೇ ಸುಮ್ಮನೆ ಕೊಟ್ಟು ಚೇಂಬರ್ ಸ್ಥಿರ ಆಗೋಕೆ ಬಿಡ್ತೀವಿ, ಆ ರೀಡಿಂಗ್ ಬರ್ಕೊಳ್ಳಲ್ಲ. ಆಮೇಲೆ 300 ವೋಲ್ಟ್‌ನಲ್ಲಿ ಕೆಲವು ರೀಡಿಂಗ್, ವೋಲ್ಟೇಜ್ ತಿರುಗಿಸಿ ಮೈನಸ್ 300ರಲ್ಲಿ ಕೆಲವು, ಎರಡೂ ಸರಿಯಾಗಿ ಒಂದೇ ಬರಲ್ಲ, ಆ ವ್ಯತ್ಯಾಸಕ್ಕೆ ಪೋಲಾರಿಟಿ ತಿದ್ದುಪಡಿ. ಮತ್ತೆ ವೋಲ್ಟೇಜ್ 100ಕ್ಕೆ ಇಳಿಸಿ ಕೆಲವು. ಇದು ಯಾಕೆ ಅಂದ್ರೆ, ಹುಟ್ಟಿದ ಅಯಾನ್‌ಗಳಲ್ಲಿ ಕೆಲವು ಎಲೆಕ್ಟ್ರೋಡ್ ಸೇರೋ ಮುಂಚೆ ದಾರಿಯಲ್ಲೇ ಮತ್ತೆ ಜೊತೆಯಾಗಿಬಿಡ್ತವೆ, ಅವು ಲೆಕ್ಕಕ್ಕೆ ಸಿಗಲ್ಲ. ವೋಲ್ಟೇಜ್ ಕಮ್ಮಿ ಮಾಡಿದ್ರೆ ಈ ನಷ್ಟ ಜಾಸ್ತಿ ಆಗತ್ತೆ, ಎರಡು ವೋಲ್ಟೇಜ್‌ನ ರೀಡಿಂಗ್ ಹೋಲಿಸಿದ್ರೆ 300ರಲ್ಲಿ ಎಷ್ಟು ಕಳಕೊಂಡಿದೀವಿ ಅಂತ ಗೊತ್ತಾಗತ್ತೆ. ಮಾಮೂಲಿ ಲಿನಾಕ್‌ನಲ್ಲಿ, ಅಂದ್ರೆ ಆಸ್ಪತ್ರೆಯ ರೇಡಿಯೇಷನ್ ಮಷೀನ್‌ನಲ್ಲಿ, ಇದು ಶೇಕಡಾ ಒಂದರ ಒಳಗೇ ಇರತ್ತೆ. ಮರೀಬೇಡಿ, ಕೊನೇಲಿ ಇದರ ಹತ್ರ ಮತ್ತೆ ಬರ್ತೀನಿ.

ಮಷೀನ್ ಒಳಗೂ ಇಂಥದ್ದೇ ಚೇಂಬರ್ ಇದೆ, ಮಾನಿಟರ್ ಚೇಂಬರ್ ಅಂತಾರೆ, ಬೀಮ್ ದಾರಿಯಲ್ಲೇ ಕೂತು ಎಣಿಸೋದು, ಬೇಕಾದಷ್ಟು ಆದ ತಕ್ಷಣ ಬೀಮ್ ನಿಲ್ಲಿಸೋದು. ಕೆಲವು ಮಷೀನ್‌ಗಳಲ್ಲಿ ಅದು ಸೀಲ್ ಆಗಿರತ್ತೆ. ಸೀಲ್ ಆದದ್ದು ಒಳ್ಳೇದೇ, ಹೊರಗಿನ ಒತ್ತಡದ ಗೊಡವೆ ಇಲ್ಲ. ಆದ್ರೆ ಸೀಲ್ ನಿಧಾನಕ್ಕೆ ಲೀಕ್ ಆಗಿ ಒಳಗಿನ ಗ್ಯಾಸ್ ಕಮ್ಮಿಯಾದ್ರೆ ಸಿಗ್ನಲ್ ಕಮ್ಮಿ, 100 ಯೂನಿಟ್ ಎಣಿಸೋಕೆ ಹೆಚ್ಚು ಬೀಮ್ ಬೇಕು, ಡೋಸ್ ಜಾಸ್ತಿ ಆಗ್ತಾ ಹೋಗತ್ತೆ. ಒಂದು ದಿನದಲ್ಲಿ ಕಾಣಲ್ಲ, ತಿಂಗಳುಗಟ್ಟಲೆ ಗ್ರಾಫ್ ಹಾಕಿದೋರಿಗೆ ಮಾತ್ರ ಗೆರೆ ಮೇಲಕ್ಕೆ ಹೋಗ್ತಿರೋದು ಕಾಣತ್ತೆ. ದಿನದ ಚೆಕ್‌ನಲ್ಲಿ ಶೇಕಡಾ 3, ತಿಂಗಳ ಚೆಕ್‌ನಲ್ಲಿ 2, ವರ್ಷದ್ದರಲ್ಲಿ 1, ಹೀಗೆ ಮಿತಿ ಇಟ್ಟಿರ್ತಾರೆ, ಆದ್ರೆ ನನ್ನ ಪ್ರಕಾರ ಮಿತಿಯೊಳಗೆ ಇದೆ ಅಂತ ಟಿಕ್ ಹಾಕಿ ಬಿಡೋದಕ್ಕಿಂತ ಗೆರೆ ಯಾವ ಕಡೆ ಹೋಗ್ತಿದೆ ಅಂತ ನೋಡೋದೇ ದೊಡ್ಡ ಕೆಲಸ.

ಸಂಖ್ಯೆ ಒಂದು ತಪ್ಪಿದ್ರೆ ಏನಾಗತ್ತೆ ಅನ್ನೋದಕ್ಕೆ ಕೋಸ್ಟರಿಕಾದ ಸ್ಯಾನ್ ಹೋಸೆಯಲ್ಲಿ 1996ರಲ್ಲಿ ಆದದ್ದನ್ನ ಹೇಳಲೇಬೇಕು. ಕೋಬಾಲ್ಟ್ ಮಷೀನ್‌ಗೆ ಹೊಸ ಸೋರ್ಸ್ (ರೇಡಿಯೇಷನ್ ಸೂಸೋ ವಸ್ತು) ಹಾಕಿದ್ರು, ಅಳತೆ ಮಾಡಿದ್ರು, ಟೈಮರ್‌ನಲ್ಲಿ ಇದ್ದದ್ದು 0.3 ನಿಮಿಷ, ಅಂದ್ರೆ 18 ಸೆಕೆಂಡ್, ಲೆಕ್ಕದಲ್ಲಿ ಅದು 30 ಸೆಕೆಂಡ್ ಆಯ್ತು. ಸೋರ್ಸ್ ನಿಜಕ್ಕಿಂತ ತುಂಬ ದುರ್ಬಲ ಅನ್ನೋ ಉತ್ತರ ಬಂತು, ಪ್ರತಿ ಪೇಷೆಂಟ್‌ಗೂ ಹೆಚ್ಚು ಹೊತ್ತು ಬೀಮ್ ಕೊಟ್ರು. ನೂರಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡ್ರು, ಸಾವುಗಳೂ ಆದವು. ಅಲ್ಲಿ ಚೇಂಬರ್ ಸರಿಯಾಗೇ ಇತ್ತು, ಗಾಳಿಯೂ ಸರಿಯಾಗೇ ಇತ್ತು. ಬೇರೆ ಒಬ್ಬರು ಬೇರೆಯಾಗಿ ಅಳೆದು ನೋಡಿದ್ರೆ ಒಂದೇ ದಿನದಲ್ಲಿ ಸಿಗ್ತಿತ್ತು. ಇದನ್ನ ಪ್ರತಿ ಸಲ ಓದಿದಾಗಲೂ ನನಗೆ ಹೊಟ್ಟೆಯೊಳಗೆ ಸಂಕಟ ಆಗತ್ತೆ.

ಪ್ರೋಟಾನ್ ಮತ್ತು ಕಾರ್ಬನ್ ಬೀಮ್‌ಗಳಲ್ಲಿ ಗ್ಯಾಸ್ ಡಿಟೆಕ್ಟರ್‌ಗಳ ಕೆಲಸ ಇನ್ನೂ ದೊಡ್ಡದು. ಪ್ರೋಟಾನ್ ಬೀಮ್ ಒಂದು ಆಳದವರೆಗೆ ಹೋಗಿ ಅಲ್ಲಿ ಉಳಿದ ಶಕ್ತಿಯನ್ನೆಲ್ಲ ಸುರಿದು ನಿಂತುಬಿಡತ್ತೆ, ಅದೇ ಬ್ರ್ಯಾಗ್ ಪೀಕ್. ಅದನ್ನ ಚಿಕಿತ್ಸೆಗೆ ಬಳಸಬಹುದು ಅಂತ ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದ್ರು, 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ಪೇಷೆಂಟ್. ನಮ್ಮ ದೇಶದಲ್ಲಿ 2019ರಲ್ಲಿ ಚೆನ್ನೈನ ಅಪೋಲೋದಲ್ಲಿ ಶುರುವಾಯ್ತು, ಆಮೇಲೆ ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರದ್ದು. 230 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಪ್ರೋಟಾನ್ ನೀರಿನಲ್ಲಿ 33 ಸೆಂಟಿಮೀಟರ್‌ವರೆಗೆ ಹೋಗತ್ತೆ, ನಿಲ್ಲೋ ಜಾಗ ಅರ್ಧ ಸೆಂಟಿಮೀಟರ್ ಆಚೆ ಹೋದ್ರೂ ಅಲ್ಲಿ ಬೆನ್ನುಹುರಿ ಇರಬಹುದು. ಅದಕ್ಕೆ ತೆಳುವಾದ ಚೇಂಬರ್‌ಗಳನ್ನ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದ ಡಿಟೆಕ್ಟರ್ ಇಟ್ಟು ಬೀಮ್ ಎಲ್ಲಿ ನಿಲ್ತಿದೆ ಅಂತ ನೋಡ್ತಾರೆ.

ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಅನ್ನೋ ಸಂಶೋಧನಾ ಕೇಂದ್ರದಲ್ಲಿ 1997ರಿಂದ 2008ರವರೆಗೆ ಸುಮಾರು 440 ಜನರಿಗೆ ಕಾರ್ಬನ್ ಬೀಮ್ ಕೊಟ್ರು. ಅಲ್ಲಿ ಸಣ್ಣ ಬೀಮನ್ನ ಮ್ಯಾಗ್ನೆಟ್‌ನಿಂದ ಆಚೀಚೆ ಆಡಿಸಿ ಗೆಡ್ಡೆಯನ್ನ ಚುಕ್ಕಿ ಚುಕ್ಕಿಯಾಗಿ ತುಂಬಿಸ್ತಾರೆ. ಎಷ್ಟು ಕಣ ಹೋಯ್ತು ಅಂತ ಅಯಾನೈಸೇಷನ್ ಚೇಂಬರ್, ಅಂದ್ರೆ ಫಾರ್ಮರ್ ಥರ ಅಯಾನ್ ಚಾರ್ಜ್ ಅಳೆಯೋ ಚೇಂಬರ್, ಎಣಿಸತ್ತೆ, ಚುಕ್ಕಿ ಎಲ್ಲಿದೆ, ಎಷ್ಟು ದಪ್ಪ ಇದೆ ಅಂತ ಮಲ್ಟಿವೈರ್ ಪ್ರಪೋರ್ಷನಲ್ ಚೇಂಬರ್ ಹೇಳತ್ತೆ, ಒಂದು ಚುಕ್ಕಿಗೆ ಬೇಕಾದಷ್ಟು ಕಣ ಬಂದ ಮೇಲೇ ಬೀಮ್ ಮುಂದಿನ ಚುಕ್ಕಿಗೆ ಹೋಗೋದು. ಈ ಮಲ್ಟಿವೈರ್ ಚೇಂಬರ್ ಅನ್ನೋದು 1968ರಲ್ಲಿ ಜಾರ್ಜ್ ಶಾರ್ಪಾಕ್ ಸರ್ನ್‌ನಲ್ಲಿ ಕಣಗಳ ದಾರಿ ಹುಡುಕೋಕೆ ಮಾಡಿದ್ದು, ಅದಕ್ಕೆ 1992ರಲ್ಲಿ ನೊಬೆಲ್ ಬಂತು. ಪಾರ್ಟಿಕಲ್ ಫಿಸಿಕ್ಸ್‌ನಿಂದ ಜನಕ್ಕೆ ಏನು ಉಪಯೋಗ ಅಂತ ಕೇಳೋರಿಗೆ ನಾನು ಈ ಉದಾಹರಣೆ ಕೊಡೋದು.

ಶಾರ್ಪಾಕ್ ಥರದ ಡಿಟೆಕ್ಟರ್‌ಗಳಲ್ಲಿ ಒಂದು ಹೆಚ್ಚಿನ ಸಂಗತಿ ಇದೆ. ತಂತಿಯ ಹತ್ರ ಎಲೆಕ್ಟ್ರಿಕ್ ಫೀಲ್ಡ್ ಎಷ್ಟು ಜೋರಾಗಿರತ್ತೆ ಅಂದ್ರೆ ಬಂದ ಎಲೆಕ್ಟ್ರಾನ್ ಇನ್ನೊಂದನ್ನ ಕೀಳತ್ತೆ, ಎರಡು ನಾಲ್ಕಾಗತ್ತೆ, ನಾಲ್ಕು ಎಂಟಾಗತ್ತೆ, ಒಂದು ಎಲೆಕ್ಟ್ರಾನ್ ಸಾವಿರಾರು ಆಗಿ ಬರತ್ತೆ. 1997ರಲ್ಲಿ ಫಾಬಿಯೋ ಸೌಲಿ ಮಾಡಿದ ಜೆಮ್ ಅನ್ನೋದರಲ್ಲಿ ತಂತಿಯೇ ಇಲ್ಲ, 50 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಎರಡೂ ಕಡೆ ತಾಮ್ರ, ಅದರ ತುಂಬ 70 ಮೈಕ್ರಾನ್ ತೂತುಗಳು, ತೂತಿನಿಂದ ತೂತಿಗೆ 140 ಮೈಕ್ರಾನ್. ಪ್ರತಿ ತೂತಿನೊಳಗೂ ಎಲೆಕ್ಟ್ರಾನ್‌ಗಳು ಹೆಚ್ಚಾಗ್ತವೆ. ಸರ್ನ್‌ನ ಸಿಎಂಎಸ್ ಪ್ರಯೋಗದಲ್ಲಿ ಇಂಥವನ್ನ ಹಾಕಿದಾರೆ, ಅದರಲ್ಲಿ ಭಾರತದ ಸಂಸ್ಥೆಗಳ ಕೆಲಸವೂ ಇದೆ.

ಇಲ್ಲಿ ಒತ್ತಡದ ಪ್ರಭಾವ ಉಲ್ಟಾ. ಫಾರ್ಮರ್ ಚೇಂಬರ್‌ನಲ್ಲಿ ಒತ್ತಡ ಇಳಿದ್ರೆ ಸಿಗ್ನಲ್ ಇಳಿಯತ್ತೆ. ಜೆಮ್‌ನಲ್ಲಿ ಒತ್ತಡ ಇಳಿದ್ರೆ ಗ್ಯಾಸ್ ತೆಳುವಾಗತ್ತೆ, ಎಲೆಕ್ಟ್ರಾನ್‌ಗೆ ಡಿಕ್ಕಿಗಳ ನಡುವೆ ಓಡೋಕೆ ಹೆಚ್ಚು ಜಾಗ, ಹೆಚ್ಚು ಶಕ್ತಿ, ಹೆಚ್ಚು ಗುಣಾಕಾರ, ಸಿಗ್ನಲ್ ಏರತ್ತೆ, ಅದೂ ಒತ್ತಡ ಶೇಕಡಾ ಒಂದು ಬದಲಾದ್ರೆ ಸಿಗ್ನಲ್ ಅದರ ಹಲವು ಪಟ್ಟು ಬದಲಾಗತ್ತೆ. ಆಗ ಹೇಳಿದ ಆ 4 ಗಂಟೆಯ ಇಳಿತ ಇಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಕಾಣತ್ತೆ.

ಲ್ಯಾಬ್‌ನಲ್ಲಿ ಹೊಸ ಚೇಂಬರ್ ಬಂದ್ರೆ ಮೊದಲು ಗ್ಯಾಸ್ ಲೀಕ್ ನೋಡ್ತಾರೆ. ಹತ್ತಾರು ಮಿಲಿಬಾರ್ ಹೆಚ್ಚು ಒತ್ತಡ ಕೊಟ್ಟು ವಾಲ್ವ್ ಮುಚ್ಚಿ ಒಂದು ಗಂಟೆ ಕಾಯೋದು, ಎಷ್ಟು ಇಳೀತು ಅಂತ ಬರ್ಕೊಳ್ಳೋದು. ಹೊರಗೆ ಹೋಗೋ ಪೈಪಿನ ತುದಿಯಲ್ಲಿ ಬಬ್ಲರ್ ಇರತ್ತೆ, ಎಣ್ಣೆಯೊಳಗೆ ಗುಳ್ಳೆ ಸರಿಯಾಗಿ ಏಳ್ತಿದ್ರೆ ಗ್ಯಾಸ್ ಹರೀತಿದೆ ಅಂತ, ಒಳಗೆ ಹೋಗೋ ಕಡೆ ಫ್ಲೋ ಇದ್ದು ಇಲ್ಲಿ ಗುಳ್ಳೆ ಇಲ್ಲ ಅಂದ್ರೆ ಮಧ್ಯೆ ಎಲ್ಲೋ ಸೋರ್ತಿದೆ. ಆಮೇಲೆ ಬರೀ ಕಾರ್ಬನ್ ಡೈ ಆಕ್ಸೈಡ್ ತುಂಬಿಸಿ ಹೈ ವೋಲ್ಟೇಜ್ ಏರಿಸಿ ಸ್ಪಾರ್ಕ್ ಬರತ್ತಾ ಅಂತ ನೋಡೋದು. ಆಮೇಲೆ ನಿಜವಾದ ಮಿಶ್ರಣ, 70 ಭಾಗ ಆರ್ಗಾನ್, 30 ಭಾಗ ಕಾರ್ಬನ್ ಡೈ ಆಕ್ಸೈಡ್, ಮೇಲೆ ಐರನ್ 55 ಸೋರ್ಸ್. ಅದರ 5.9 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಎಕ್ಸ್‌ರೇ ಆರ್ಗಾನ್‌ನಲ್ಲಿ ಸುಮಾರು 220 ಎಲೆಕ್ಟ್ರಾನ್ ಬಿಡಿಸತ್ತೆ, ಸ್ಕ್ರೀನ್ ಮೇಲಿನ ಸಿಗ್ನಲ್ ಗ್ರಾಫ್‌ನಲ್ಲಿ ಒಂದು ದೊಡ್ಡ ಗುಡ್ಡ ಬರತ್ತೆ, ಅದರ ಎಡಕ್ಕೆ ಅರ್ಧ ದೂರದಲ್ಲಿ ಒಂದು ಚಿಕ್ಕ ಗುಡ್ಡ. ಆ ಚಿಕ್ಕದು ಆರ್ಗಾನ್‌ನದ್ದೇ ಎಕ್ಸ್‌ರೇ ಚೇಂಬರ್‌ನಿಂದ ತಪ್ಪಿಸಿಕೊಂಡು ಹೋದಾಗ ಉಳಿಯೋ 2.9 ಕೆಇವಿಯದ್ದು. ಎರಡು ಗುಡ್ಡ ಬೇರೆ ಬೇರೆಯಾಗಿ ಸ್ಪಷ್ಟ ಕಂಡ್ರೆ ಡಿಟೆಕ್ಟರ್ ಆರೋಗ್ಯವಾಗಿದೆ ಅಂತ ಅನುಭವಸ್ಥರು ನೋಡಿದ ಕೂಡ್ಲೇ ಹೇಳ್ತಾರೆ. ಕಲಸಿಹೋಗಿದ್ರೆ ಗ್ಯಾಸ್‌ನಲ್ಲೋ ಹಾಳೆಯಲ್ಲೋ ಏನೋ ಸರಿ ಇಲ್ಲ.

ಇದೆಲ್ಲ ಹೊಸದು ಅಂದ್ಕೋಬೇಡಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 2300 ಮೀಟರ್ ಆಳದಲ್ಲಿ, 1980ರಲ್ಲಿ ಪ್ರೋಟಾನ್ ಕ್ಷಯ (ಪ್ರೋಟಾನ್ ತಾನಾಗೇ ಒಡೆದುಹೋಗೋದು) ಹುಡುಕೋ ಪ್ರಯೋಗ ಶುರುವಾಯ್ತು. 140 ಟನ್ ಕಬ್ಬಿಣ, ಸುಮಾರು 1600 ಪ್ರಪೋರ್ಷನಲ್ ಕೌಂಟರ್‌ಗಳು, ಅಂದ್ರೆ ಇದೇ ಗುಣಾಕಾರದ ಗ್ಯಾಸ್ ಡಿಟೆಕ್ಟರ್‌ಗಳು, ಚೌಕಾಕಾರದ ಕಬ್ಬಿಣದ ಪೈಪಿನೊಳಗೆ ಗ್ಯಾಸ್ ತುಂಬಿ ಮಾಡಿದವು. ಗಣಿಯ ಬಿಸಿಯಲ್ಲಿ, ಅಷ್ಟು ಆಳದಲ್ಲಿ ಅಷ್ಟು ಕೌಂಟರ್‌ಗಳನ್ನ ವರ್ಷಗಟ್ಟಲೆ ಒಂದೇ ಹದದಲ್ಲಿ ಇಟ್ಟುಕೊಂಡ್ರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರಂಥೋರು ಆ ಗಣಿಯಲ್ಲಿ ವಿಜ್ಞಾನ ಬೆಳೆಸಿದ್ರು. ಕೆಜಿಎಫ್ ಅಂದ್ರೆ ಈಗಿನೋರಿಗೆ ಬೇರೆ ಏನೋ ನೆನಪಾಗತ್ತೆ, ಇದೂ ನೆನಪಿರಲಿ ಅಂತ ನನ್ನ ಆಸೆ.

ಎಷ್ಟು ವರ್ಷ ಬಾಳಿಕೆ ಬರತ್ತೆ ಅನ್ನೋದಕ್ಕೂ ಟೆಸ್ಟ್ ಇದೆ. ಸರ್ನ್‌ನಲ್ಲಿ ಜಿಫ್ ಪ್ಲಸ್ ಪ್ಲಸ್ ಅಂತ ಒಂದು ಜಾಗ, ಶುರುವಿನಲ್ಲಿ 14 ಟೆರಾಬೆಕೆರೆಲ್ ಇದ್ದ ಜೋರಾದ ಸೀಸಿಯಂ ಸೋರ್ಸ್, ಜೊತೆಗೆ ಮ್ಯೂವಾನ್ ಅನ್ನೋ ಕಣಗಳ ಬೀಮ್. ಮುಂದೆ ಹಲವು ವರ್ಷ ತಿನ್ನಬೇಕಾದ ರೇಡಿಯೇಷನ್ನನ್ನ ಅಲ್ಲಿ ಬೇಗ ತಿನ್ನಿಸಿ, ಆ ಗದ್ದಲದಲ್ಲೂ ಮ್ಯೂವಾನ್ ಕಾಣತ್ತಾ ಅಂತ ನೋಡ್ತಾರೆ. ತಂತಿ ಡಿಟೆಕ್ಟರ್‌ಗಳ ಹಳೇ ಶತ್ರು ಸಿಲಿಕಾನ್. ಯಾರೋ ಸೀಲ್ ಮಾಡೋಕೆ ಹಚ್ಚಿದ ಸಿಲಿಕೋನ್ ಗ್ರೀಸ್‌ನಿಂದ ಬರೋ ಸೂಕ್ಷ್ಮ ಅಂಶ ತಂತಿ ಮೇಲೆ ಕೂತು ಬೆಳೆದು ಡಿಟೆಕ್ಟರನ್ನೇ ಕೊಲ್ಲತ್ತೆ.

ಈಗ ಆಗಲೇ ಹೇಳಿದ ಅಯಾನ್ ನಷ್ಟಕ್ಕೆ ಬರ್ತೀನಿ, ಸದ್ಯ ಅತ್ಯಂತ ಬಿಸಿಯಾಗಿರೋ ವಿಷಯ ಅದೇ. ಫ್ಲ್ಯಾಶ್ ಅಂತ ಒಂದು ವಿಧಾನ ಇದೆ, ಸೆಕೆಂಡಿಗೆ 40 ಗ್ರೇಗಿಂತ ಹೆಚ್ಚು ವೇಗದಲ್ಲಿ ಡೋಸ್ ಕೊಟ್ರೆ ಆರೋಗ್ಯವಂತ ಭಾಗಕ್ಕೆ ಹಾನಿ ಕಮ್ಮಿ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ, 2014ರಿಂದ ಇದರ ಹವಾ ಜೋರಾಯ್ತು. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮೊದಲ ಪೇಷೆಂಟ್‌ಗೆ ಚರ್ಮದ ಗೆಡ್ಡೆಗೆ 15 ಗ್ರೇ ಕೊಟ್ರು, ಅದೂ 90 ಮಿಲಿಸೆಕೆಂಡ್‌ನಲ್ಲಿ, 10 ಪಲ್ಸ್‌ಗಳಲ್ಲಿ. ಅಂದ್ರೆ ಪಲ್ಸ್‌ಗೆ ಒಂದೂವರೆ ಗ್ರೇ. ಮಾಮೂಲಿ ಲಿನಾಕ್‌ನಲ್ಲಿ ಒಂದು ಪಲ್ಸ್‌ಗೆ ಸುಮಾರು 0.0003 ಗ್ರೇ. ಸಾವಿರಾರು ಪಟ್ಟು! ಚೇಂಬರ್ ಒಳಗೆ ಒಂದೇ ಕ್ಷಣದಲ್ಲಿ ಅಷ್ಟು ಅಯಾನ್ ಹುಟ್ಟಿದ್ರೆ ಅವುಗಳ ಸ್ವಂತ ಚಾರ್ಜೇ ನಾವು ಕೊಟ್ಟ ಫೀಲ್ಡನ್ನ ಕೆಡಿಸತ್ತೆ, ಬಹಳಷ್ಟು ಅಯಾನ್‌ಗಳು ಅಲ್ಲೇ ಕೂಡಿಹೋಗ್ತವೆ, ಎರಡು ವೋಲ್ಟೇಜ್‌ನ ನಮ್ಮ ಹಳೇ ಉಪಾಯ ಅಲ್ಲಿ ಕೈ ಕೊಡತ್ತೆ. ಅದಕ್ಕೆ ಎಲೆಕ್ಟ್ರೋಡ್‌ಗಳ ನಡುವಿನ ಜಾಗ ಕಾಲು ಮಿಲಿಮೀಟರ್‌ನಷ್ಟು ಕಿರಿದು ಮಾಡಿದ ಚೇಂಬರ್‌ಗಳನ್ನ ಮಾಡ್ತಿದಾರೆ, ಅಯಾನ್‌ಗೆ ಓಡೋ ದಾರಿ ಕಮ್ಮಿ ಅಂತ. ಅದು ಸರಿ ಹೇಳ್ತಿದೆಯಾ ಅಂತ ನೋಡೋಕೆ ಗ್ಯಾಸೇ ಇಲ್ಲದ ವಿಧಾನಗಳು ಬೇಕು: ಗ್ರಾಫೈಟ್ ತುಂಡು ಎಷ್ಟು ಬಿಸಿಯಾಯ್ತು ಅಂತ ಅಳೆಯೋ ಕ್ಯಾಲೊರಿಮೀಟರ್, ಡೋಸ್ ಬಿದ್ದಾಗ ಬದಲಾಗೋ ಅಲನೈನ್ ಗುಳಿಗೆ, ಫಿಲ್ಮ್. ಈ ಹೋಲಿಕೆ ಗಟ್ಟಿಯಾಗೋವರೆಗೂ ಫ್ಲ್ಯಾಶ್ ಬಗ್ಗೆ ಬರೋ ದೊಡ್ಡ ದೊಡ್ಡ ಸುದ್ದಿಗಳನ್ನ ನಿಧಾನವಾಗಿ ಓದಿ ಅಂತ ನನ್ನ ಮನವಿ, ಡೋಸ್ ಎಷ್ಟು ಅಂತಾನೇ ಖಚಿತ ಇಲ್ಲದಿದ್ರೆ ಪರಿಣಾಮದ ಮಾತು ನಿಲ್ಲಲ್ಲ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡು ಬರೀತೀನಿ.

ಹಿರಿಯರೊಬ್ಬರು ಕೇಳಿದ್ರು, ನಮ್ಮ ಯಜಮಾನರಿಗೆ ದಿನಾ ರೇಡಿಯೇಷನ್ ಕೊಡ್ತಿದಾರೆ, ಈ ಲೆಕ್ಕ ಎಲ್ಲ ನಾವು ಹೋಗಿ ಕೇಳಬಹುದಾ ಅಂತ. ಧಾರಾಳವಾಗಿ ಕೇಳಿ ಅಮ್ಮ. ಮೆಡಿಕಲ್ ಫಿಸಿಸಿಸ್ಟ್ ಅಂತ ಒಬ್ಬರು ಇರ್ತಾರೆ, ಅವರನ್ನ ನೋಡಬೇಕು ಅಂತ ಹೇಳಿ, ಮಷೀನ್ ಔಟ್‌ಪುಟ್ ಕೊನೇ ಸಲ ಯಾವಾಗ ನೋಡಿದ್ರಿ ಅಂತ ಕೇಳಿ. ಒಳ್ಳೇ ಫಿಸಿಸಿಸ್ಟ್ ಖುಷಿಯಿಂದ ಹೇಳ್ತಾರೆ, ನಮ್ಮನ್ನ ಕೇಳೋರೇ ಕಮ್ಮಿ.

ಇನ್ನೊಬ್ಬ ವಿದ್ಯಾರ್ಥಿ ಕೇಳಿದ್ದು ಚೂಪಾಗಿತ್ತು: ಮಷೀನನ್ನ ಚೇಂಬರ್ ಚೆಕ್ ಮಾಡತ್ತೆ ಸರ್, ಚೇಂಬರನ್ನ ಯಾರು ಚೆಕ್ ಮಾಡೋದು? ಆಸ್ಪತ್ರೆಯಲ್ಲೇ ಸ್ಟ್ರಾನ್ಷಿಯಂ 90 ಸೋರ್ಸ್ ಇಟ್ಟು ಚೇಂಬರ್ ಹಳೇ ಥರನೇ ಓದ್ತಿದೆಯಾ ಅಂತ ಆಗಾಗ ನೋಡಬಹುದು. ಅದಕ್ಕಿಂತ ಮೇಲೆ, ಚೇಂಬರನ್ನ ನಿಗದಿತ ಕಾಲಕ್ಕೆ ಕ್ಯಾಲಿಬ್ರೇಷನ್ ಲ್ಯಾಬ್‌ಗೆ ಕಳಿಸಬೇಕು, ನಮ್ಮ ದೇಶದಲ್ಲಿ ಆ ಸರಪಳಿ ಮುಂಬೈ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ (ಬಿಎಆರ್‌ಸಿಗೆ) ಹೋಗಿ ಸೇರತ್ತೆ. ಇನ್ನೂ ಒಂದು ದಾರಿ ಇದೆ, ಅಂಚೆ ಆಡಿಟ್. 1969ರಿಂದ ಅಟಾಮಿಕ್ ಎನರ್ಜಿ ಏಜೆನ್ಸಿ ಮತ್ತೆ ಡಬ್ಲ್ಯುಎಚ್‌ಒ ಸೇರಿ ನಡೆಸ್ತಿರೋದು, ಬಿಎಆರ್‌ಸಿ ಕೂಡ ನಡೆಸತ್ತೆ. ಡೋಸನ್ನ ನೆನಪಿಟ್ಟುಕೊಳ್ಳೋ ವಸ್ತು ಇರೋ ಪುಟ್ಟ ಕ್ಯಾಪ್ಸೂಲ್ ಪೋಸ್ಟ್‌ನಲ್ಲಿ ಬರತ್ತೆ, ಅದಕ್ಕೆ 2 ಗ್ರೇ ಕೊಟ್ಟು ವಾಪಸ್ ಕಳಿಸಿ ಅಂತ ಹೇಳಿರ್ತಾರೆ, ಅವರು ಅಲ್ಲಿ ಆ ವಸ್ತುವಿನಿಂದ ಹೊರಡಿಸೋ ಬೆಳಕಿನಿಂದ ನಿಜವಾಗಿ ಎಷ್ಟು ಬಿತ್ತು ಅಂತ ಕಂಡುಹಿಡೀತಾರೆ. ನಿಮ್ಮ ಚೇಂಬರ್, ನಿಮ್ಮ ಬ್ಯಾರೋಮೀಟರ್, ನಿಮ್ಮ ಲೆಕ್ಕ ಯಾವುದೂ ಅವರ ಉತ್ತರದಲ್ಲಿ ಇಲ್ಲ. ಶೇಕಡಾ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಇನ್ನೊಂದು ಕ್ಯಾಪ್ಸೂಲ್ ಬರತ್ತೆ, ಆಗಲೂ ಸರಿ ಬರಲಿಲ್ಲ ಅಂದ್ರೆ ಮೊದಲಿಂದ ಪ್ರತಿಯೊಂದು ಹೆಜ್ಜೆಯನ್ನೂ ಹುಡುಕೋದು, ಬೇಕಾದ್ರೆ ಹೊರಗಿನ ತಜ್ಞರು ತಮ್ಮದೇ ಚೇಂಬರ್ ತಗೊಂಡು ಬಂದು ಅಳೆಯೋದು.